ಗ್ರೀನ್ ಕಾರ್ಡ್‌ನಲ್ಲೇ ಇರೋದಾ, ಪೌರತ್ವ ತಗೊಂಡು ಒಸಿಐ ಮಾಡಿಸೋದಾ?

ಅಮೆರಿಕದ ಯಾವ ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತರೂ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. "ಸಿಟಿಜನ್‌ಶಿಪ್ ತಗೊಂಡ್ರಾ, ಇಲ್ಲ ಇನ್ನೂ ಇಂಡಿಯನ್ ಪಾಸ್‌ಪೋರ್ಟೇನಾ?" ಪಕ್ಕದವರು ತಟ್ಟನೆ ಬಾಯಿ ಹಾಕುತ್ತಾರೆ: "ಎರಡೂ ಇಟ್ಕೋಬಹುದಂತೆ ಕಣ್ರೀ, ನಮ್ಮ ಭಾವನ ಹತ್ರ ಎರಡೂ ಇದೆ." ಆ ಭಾವನ ಹತ್ತಿರ ಇರುವುದು ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್ ಇರಬೇಕು, ಅಂದರೆ ವಿದೇಶಿ ಪ್ರಜೆಯಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾಯಂ ವೀಸಾ. ನಿಜಕ್ಕೂ ಎರಡು ಪಾಸ್‌ಪೋರ್ಟ್ ಇದ್ದರೆ ಅವರು ಕಾನೂನು ಮುರಿದಿದ್ದಾರೆ.

ಭಾರತದ ಕಾನೂನಿನಲ್ಲಿ ವಯಸ್ಕರಿಗೆ ಎರಡು ಪೌರತ್ವ ಇಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ನೀವಾಗಿಯೇ ಇಷ್ಟಪಟ್ಟು ಬೇರೆ ದೇಶದ ಪೌರತ್ವ ತೆಗೆದುಕೊಂಡರೆ ಭಾರತದ ಪೌರತ್ವ ತಾನಾಗಿಯೇ ಹೋಗುತ್ತದೆ. ಅದಕ್ಕೆ ನೋಟಿಸ್ ಬರುವುದಿಲ್ಲ, ದೆಹಲಿಯಿಂದ ಯಾರೂ ಆದೇಶ ಹೊರಡಿಸುವುದಿಲ್ಲ. ಅಮೆರಿಕದಲ್ಲಿ ಪ್ರಮಾಣ ಮಾಡಿಸುವ ಹಾಲ್‌ಗೆ ಹೋದಾಗ ಗ್ರೀನ್ ಕಾರ್ಡನ್ನು ವಾಪಸ್ ಇಸ್ಕೊಳ್ಳುತ್ತಾರೆ. ನೀವು ಬಲಗೈ ಎತ್ತಿ ಪ್ರಮಾಣ ಹೇಳುತ್ತೀರಿ, ಕೈಗೊಂದು ಸರ್ಟಿಫಿಕೇಟ್ ಬರುತ್ತದೆ. ಆ ಹೊತ್ತಿಗೆ ಬ್ಯಾಗಿನಲ್ಲಿರುವ ಭಾರತದ ಪಾಸ್‌ಪೋರ್ಟಿಗೆ ಇನ್ನೂ ಆರು ವರ್ಷ ಅವಧಿ ಇರಬಹುದು. ಆದರೂ ಹಾಲ್‌ನಿಂದ ಹೊರಗೆ ಕಾಲಿಡುವಾಗ ನೀವು ಭಾರತೀಯ ಪ್ರಜೆಯಲ್ಲ. ಆಮೇಲೆ ಕಾನ್ಸುಲೇಟ್ ಕೊಡುವ ಸರೆಂಡರ್ ಸರ್ಟಿಫಿಕೇಟ್ ಪೌರತ್ವವನ್ನು ಕಳೆಯುವ ಕಾಗದವಲ್ಲ. ಅದು ಆಗಲೇ ಕಳೆದುಹೋಗಿದೆ ಅನ್ನುವುದಕ್ಕೆ ಸಾಕ್ಷಿ, ಅಷ್ಟೇ.

ಜರ್ಮನಿಯಲ್ಲಿರುವ ನಮ್ಮವರಲ್ಲಿ ಈಚೆಗೆ ಇನ್ನೊಂದು ಗೊಂದಲ ಶುರುವಾಗಿದೆ. 2024ರ ಜೂನ್ 27ರಿಂದ ಜರ್ಮನಿ ಒಂದಕ್ಕಿಂತ ಹೆಚ್ಚು ಪೌರತ್ವಕ್ಕೆ ಒಪ್ಪಿಗೆ ಕೊಟ್ಟಿತು. ಹಾಗಾದರೆ ಭಾರತದ್ದನ್ನೂ ಉಳಿಸಿಕೊಳ್ಳಬಹುದು ಅಲ್ವಾ? ಇಲ್ಲ. ಜರ್ಮನಿ "ಹಳೆಯದನ್ನು ಬಿಡಬೇಕಿಲ್ಲ" ಅಂದರೂ ಭಾರತ "ಹೊಸದನ್ನು ತಗೊಂಡ್ರೆ ಹಳೆಯದು ಇಲ್ಲ" ಅನ್ನುತ್ತದೆ. ಎರಡು ಪೌರತ್ವಕ್ಕೆ ಎರಡೂ ದೇಶದ ಒಪ್ಪಿಗೆ ಬೇಕು. ನಮ್ಮ ವಿಷಯದಲ್ಲಿ ಬಾಗಿಲು ಹಾಕಿರುವುದು ಭಾರತದ ಕಡೆಯಿಂದ. ತೆಲಂಗಾಣದ ವೇಮುಲವಾಡದಲ್ಲಿ ಶಾಸಕರಾಗಿದ್ದ ಚೆನ್ನಮನೇನಿ ರಮೇಶ್ ಅವರ ಪ್ರಕರಣ ನೆನಪಿರಬಹುದು. ಅವರು ಜರ್ಮನಿಯ ಪ್ರಜೆ ಎಂದು ತೆಲಂಗಾಣ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು, 30 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಜಗಳ ವರ್ಷಗಟ್ಟಲೆ ಎಳೆದಿತ್ತು.

ಹಾಗಾಗಿ ಆಯ್ಕೆ ಇರುವುದು ಎರಡೇ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರದೇಶದಲ್ಲಿ ಗ್ರೀನ್ ಕಾರ್ಡ್ ಅಥವಾ ಪಿಆರ್ (ಕಾಯಂ ವಾಸದ ಪರವಾನಗಿ) ಮೇಲೆ ಬದುಕುವುದು ಒಂದು. ಆ ದೇಶದ ಪೌರತ್ವ ತಗೊಂಡು ಭಾರತಕ್ಕೆ ಒಸಿಐ ಮಾಡಿಸುವುದು ಇನ್ನೊಂದು. ಕೊಲ್ಲಿ ದೇಶಗಳಲ್ಲಿರುವ ಬಹುಪಾಲು ಜನರಿಗೆ ಈ ಆಯ್ಕೆಯೇ ಬರುವುದಿಲ್ಲ, ಅಲ್ಲಿ ಪೌರತ್ವ ಸಿಗುವುದೇ ಅಪರೂಪ. ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ಗ್ರೀನ್ ಕಾರ್ಡಿನ ಸಾಲಿನಲ್ಲೇ ತಲೆ ನರೆಸಿಕೊಳ್ಳುತ್ತಿರುವವರಿಗೂ ಇದು ಇವತ್ತಿನ ಪ್ರಶ್ನೆಯಲ್ಲ. ಉಳಿದವರು ಮುಂದೆ ಓದಿ. ಈ ಎರಡನೇ ದಾರಿ ಹಿಡಿಯುವವರೇನೂ ಕಡಿಮೆಯಿಲ್ಲ. ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ 2022ರಲ್ಲಿ 2,25,620 ಮಂದಿ, 2023ರಲ್ಲಿ 2,16,219 ಮಂದಿ, 2024ರಲ್ಲಿ 2,06,378 ಮಂದಿ ಭಾರತದ ಪೌರತ್ವ ಬಿಟ್ಟಿದ್ದಾರೆ.

ಯಾವುದು ಯಾವಾಗ ಕೈಕೊಡುತ್ತದೆ

ಸವಲತ್ತುಗಳ ಪಟ್ಟಿ ಹಿಡಿದು ಹೋಲಿಸಿದರೆ ತಲೆ ಕೆಡುತ್ತದೆ. ನಾನು ಬೇರೆ ರೀತಿ ನೋಡುತ್ತೇನೆ. ಗ್ರೀನ್ ಕಾರ್ಡ್ ಯಾವಾಗ ಕೈಕೊಡುತ್ತದೆ? ನೀವು ಆ ದೇಶದಿಂದ ಜಾಸ್ತಿ ದಿನ ದೂರ ಇದ್ದಾಗ. ಒಸಿಐ ಯಾವಾಗ ಕೈಕೊಡುತ್ತದೆ? ಸರ್ಕಾರ ಮನಸ್ಸು ಮಾಡಿದಾಗ. ಇವೆರಡರಲ್ಲಿ ನಿಮ್ಮ ಬದುಕಿಗೆ ತಾಗುವ ಅಪಾಯ ಯಾವುದು ಅಂತ ನೋಡಿಕೊಂಡರೆ ಅರ್ಧ ತೀರ್ಮಾನ ಆದಂತೆ.

ಮೊದಲು ದೂರ ಇರುವ ವಿಷಯ. ಗ್ರೀನ್ ಕಾರ್ಡ್ ಇದ್ದವರು ಆರು ತಿಂಗಳು ದಾಟಿ ಊರಲ್ಲಿ ಉಳಿದರೆ ವಾಪಸ್ ಬರುವಾಗ ಏರ್‌ಪೋರ್ಟ್‌ನಲ್ಲಿ ಪ್ರಶ್ನೆ ಎದುರಿಸಬೇಕಾಗುತ್ತದೆ. ವರ್ಷ ದಾಟಿದರೆ ಆ ಕಾರ್ಡ್ ತೋರಿಸಿ ಒಳಗೆ ಬರಲು ಆಗುವುದಿಲ್ಲ. ಹೊರಡುವ ಮೊದಲೇ ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕಿದ್ದರೆ ಎರಡು ವರ್ಷದವರೆಗೆ ಉಸಿರಾಡಬಹುದು. ಬ್ರಿಟನ್ನಿನ ಕಾಯಂ ವಾಸದ ಪರವಾನಗಿಯಾದ ಐಎಲ್‌ಆರ್ ಎರಡು ವರ್ಷ ಹೊರಗಿದ್ದರೆ ಹೋಗುತ್ತದೆ. ಕೆನಡಾದ ಪಿಆರ್ ಉಳಿಯಬೇಕಾದರೆ ಐದು ವರ್ಷದಲ್ಲಿ 730 ದಿನ ಅಲ್ಲಿರಬೇಕು. ಆಸ್ಟ್ರೇಲಿಯಾದ ಪಿಆರ್‌ನಲ್ಲಿ ಹೊರಗೆ ಹೋಗಿ ಬರುವ ಅನುಮತಿ ಐದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಬೇರೆ ವೀಸಾ ಮಾಡಿಸಿಕೊಳ್ಳಬೇಕು. ಜರ್ಮನಿಯಲ್ಲಿ ಸಾಮಾನ್ಯವಾಗಿ ಆರೇ ತಿಂಗಳು.

ಇದನ್ನು ಮೈಸೂರಿನಲ್ಲೋ ಶಿರಸಿಯಲ್ಲೋ ಇರುವ ಅಪ್ಪ ಅಮ್ಮನ ಜೊತೆ ಸೇರಿಸಿ ಯೋಚಿಸಿ. ಅಪ್ಪನಿಗೆ ಪಾರ್ಶ್ವವಾಯು ಆಯಿತು, ನೋಡಿಕೊಳ್ಳಲು ಇನ್ಯಾರೂ ಇಲ್ಲ. ಒಂದೂವರೆ ವರ್ಷ ಊರಲ್ಲಿ ಇರಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಗ್ರೀನ್ ಕಾರ್ಡ್‌ನಲ್ಲೇ ಉಳಿದವರು ಆಗ ಕ್ಯಾಲೆಂಡರ್ ನೋಡುತ್ತಾ ಕೂರಬೇಕು. ಅಮೆರಿಕದ ಪ್ರಜೆಯಾಗಿ ಒಸಿಐ ಮಾಡಿಸಿಕೊಂಡವರು ಎಷ್ಟು ವರ್ಷ ಬೇಕಾದರೂ ಊರಲ್ಲಿದ್ದು ವಾಪಸ್ ಹೋಗಬಹುದು. ಊರಿನ ಸೆಳೆತ ಜಾಸ್ತಿ ಇದ್ದವರೇ ಪಾಸ್‌ಪೋರ್ಟ್ ಬಿಡಲು ಹಿಂಜರಿಯುತ್ತಾರೆ. ಆದರೆ ದೀರ್ಘಕಾಲ ಊರಿನಲ್ಲಿ ಕೂರುವ ಸ್ವಾತಂತ್ರ್ಯ ಸಿಗುವುದು ಪಾಸ್‌ಪೋರ್ಟ್ ಬಿಟ್ಟವರಿಗೆ. ತಮಾಷೆ ಅನ್ನಿಸಿದರೂ ಕಾನೂನು ಇರುವುದು ಹಾಗೆ.

ಇನ್ನು ಒಸಿಐ. ಇದರ ಹೆಸರಲ್ಲಿ "ಸಿಟಿಜನ್" ಇದೆ ಅಂತ ಮೋಸ ಹೋಗಬೇಡಿ. ಇದು ಜೀವನಪೂರ್ತಿ ನಡೆಯುವ ವೀಸಾ, ಜೊತೆಗೆ ಕೆಲವು ಸವಲತ್ತು. ಎಷ್ಟು ದಿನ ಇದ್ದರೂ ವಿದೇಶಿಯರ ನೋಂದಣಿ ಮಾಡುವ ಎಫ್‌ಆರ್‌ಆರ್‌ಒ ಕಚೇರಿಯಲ್ಲಿ ಹೆಸರು ಬರೆಸಬೇಕಿಲ್ಲ, ಖಾಸಗಿ ಕೆಲಸ ಮಾಡಬಹುದು, ಮನೆ ಸೈಟು ಕೊಳ್ಳಬಹುದು. ಹಂಪಿಯಲ್ಲಿ ವಿದೇಶಿಯರ ಟಿಕೆಟ್ ದರ ಕೊಡಬೇಕಿಲ್ಲ. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸರ್ಕಾರಿ ನೌಕರಿ ಇಲ್ಲ. 2021ರ ಮಾರ್ಚ್ 4ರ ಅಧಿಸೂಚನೆ ಇನ್ನಷ್ಟು ಬಿಗಿ ಮಾಡಿತು. ಪತ್ರಿಕೋದ್ಯಮ, ಸಂಶೋಧನೆ, ಧರ್ಮ ಪ್ರಚಾರ, ಪರ್ವತಾರೋಹಣ, ಇವಕ್ಕೆಲ್ಲ ಮೊದಲೇ ವಿಶೇಷ ಅನುಮತಿ ಬೇಕು. ಮೇಷ್ಟ್ರು, ಪತ್ರಕರ್ತರು, ಕ್ಷೇತ್ರಕಾರ್ಯ ಮಾಡುವ ವಿದ್ವಾಂಸರು ಈ ಸಾಲನ್ನು ಎರಡು ಸಲ ಓದಿಕೊಳ್ಳಬೇಕು.

ಅದಕ್ಕಿಂತ ದೊಡ್ಡದು ರದ್ದು ಮಾಡುವ ಅಧಿಕಾರ. ಕಾಯ್ದೆಯ 7ಡಿ ಸೆಕ್ಷನ್‌ನಲ್ಲಿ ಕಾರಣಗಳಿವೆ: ಸುಳ್ಳು ಹೇಳಿ ಪಡೆದದ್ದು, ಸಂವಿಧಾನಕ್ಕೆ ನಿಷ್ಠೆ ಇಲ್ಲದ್ದು, ದೇಶದ ಸಾರ್ವಭೌಮತೆಗೆ ಧಕ್ಕೆ, ಹೀಗೆ. 2019ರ ತಿದ್ದುಪಡಿಯಲ್ಲಿ, ಸರ್ಕಾರ ಹೆಸರಿಸಿದ ಯಾವುದೇ ಕಾನೂನು ಮುರಿದರೂ ಸಾಕು ಎಂದು ಸೇರಿಸಿದರು. 2025ರ ಆಗಸ್ಟ್‌ನ ಅಧಿಸೂಚನೆ ಇನ್ನೂ ಮುಂದೆ ಹೋಯಿತು. ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಜೈಲು ಶಿಕ್ಷೆ ಆದರೆ ರದ್ದು ಮಾಡಬಹುದು. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಕ್ಕೆ ಬರೀ ಚಾರ್ಜ್‌ಶೀಟ್ ಬಿದ್ದರೂ ಮಾಡಬಹುದು. ಚಾರ್ಜ್‌ಶೀಟ್ ಅಂದರೆ ಆರೋಪ ಮಾತ್ರ, ತೀರ್ಪಲ್ಲ ಅನ್ನುವುದನ್ನು ಗಮನಿಸಿ. ಕನ್ನಡ ಚಿತ್ರನಟ, ಹೋರಾಟಗಾರ ಚೇತನ್ ಅಮೆರಿಕದ ಪ್ರಜೆ. 2023ರಲ್ಲಿ ಕೇಂದ್ರ ಸರ್ಕಾರ ಅವರ ಒಸಿಐ ರದ್ದು ಮಾಡಿತು. ಅವರು ಕರ್ನಾಟಕ ಹೈಕೋರ್ಟಿಗೆ ಹೋಗಿ ಮಧ್ಯಂತರ ರಕ್ಷಣೆ ಪಡೆಯಬೇಕಾಯಿತು. ಯಾರ ಅಭಿಪ್ರಾಯ ಸರಿ ಅನ್ನುವುದು ಬೇರೆ ವಿಷಯ. ಪೌರತ್ವ ಇದ್ದಿದ್ದರೆ ಊರಲ್ಲಿ ಇರುವ ಹಕ್ಕಿಗಾಗಿ ಕೋರ್ಟ್ ಮೆಟ್ಟಿಲು ಹತ್ತಬೇಕಿರಲಿಲ್ಲ. ರಾಜಕೀಯ ಮಾತಾಡುವುದೇ ಬದುಕಾದವರಿಗೆ ಒಸಿಐ ಗಟ್ಟಿ ನೆಲವಲ್ಲ. ವರ್ಷಕ್ಕೊಮ್ಮೆ ಬಂದು ಮದುವೆ ಉಂಡು ಹೋಗುವವರಿಗೆ ಇದು ತಲೆನೋವೇ ಅಲ್ಲ.

ಜಮೀನು

ನಮ್ಮ ಕಡೆಯವರು ಮೊದಲು ಕೇಳುವುದೇ ಇದನ್ನು. "ಪಾಸ್‌ಪೋರ್ಟ್ ಬಿಟ್ಟರೆ ತೋಟ ಹೋಗುತ್ತಾ?" ಹೋಗುವುದಿಲ್ಲ. ಈಗಾಗಲೇ ನಿಮ್ಮ ಹೆಸರಿನಲ್ಲಿರುವುದು ನಿಮ್ಮದೇ. ಅಪ್ಪನಿಂದ ಪಿತ್ರಾರ್ಜಿತವಾಗಿ ಬರುವ ಗದ್ದೆ, ಅಡಿಕೆ ತೋಟ, ಕೊಡಗಿನ ಕಾಫಿ ಎಸ್ಟೇಟು ಎಲ್ಲವೂ ಒಸಿಐ ಇದ್ದವರಿಗೂ ಬರಬಹುದು. ಪೌತಿ ಖಾತೆ ಮಾಡಿಸಿ ಪಹಣಿಯಲ್ಲಿ ಹೆಸರು ಏರಿಸಿಕೊಳ್ಳುವುದಕ್ಕೆ ನಿಮ್ಮ ವಿದೇಶಿ ಪಾಸ್‌ಪೋರ್ಟ್ ಅಡ್ಡಿಯಲ್ಲ. ನಾಡಕಚೇರಿಯಲ್ಲಿ ಯಾರಾದರೂ "ಫಾರಿನ್‌ನವರಿಗೆ ಆಗಲ್ಲ ಸಾರ್" ಅಂದರೆ ಅಲ್ಲಿಗೇ ಬಿಟ್ಟು ಬರಬೇಡಿ.

ಹೊಸದಾಗಿ ಕೊಳ್ಳುವುದು ಮಾತ್ರ ಬೇರೆ ಕಥೆ. ಕೃಷಿ ಜಮೀನು, ಪ್ಲಾಂಟೇಷನ್, ತೋಟದ ಮನೆ ಇವನ್ನು ವಿದೇಶಿ ವಿನಿಮಯದ ಕಾನೂನಿನ ಪ್ರಕಾರ ಹೊರಗಿರುವವರು ಕೊಳ್ಳುವಂತಿಲ್ಲ. ಇದರಲ್ಲಿ ಎನ್‌ಆರ್‌ಐ (ಹೊರದೇಶದಲ್ಲಿರುವ ಭಾರತೀಯ ಪ್ರಜೆ) ಮತ್ತು ಒಸಿಐ ಒಂದೇ. ಭಾರತದ ಪಾಸ್‌ಪೋರ್ಟ್ ಇದ್ದರೂ ನ್ಯೂಜೆರ್ಸಿಯಲ್ಲಿ ಕೂತು ಸಕಲೇಶಪುರದಲ್ಲಿ ಎಸ್ಟೇಟ್ ಕೊಳ್ಳಲು ಆಗದು. 2020ರಲ್ಲಿ ಕರ್ನಾಟಕ ತನ್ನ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳನ್ನು ತೆಗೆದು ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿ ಮಾಡಿತಲ್ಲ, ಆಗ ಎಷ್ಟೋ ಜನ ಹೊರದೇಶದಿಂದ ಬ್ರೋಕರ್‌ಗಳಿಗೆ ಫೋನ್ ಹಚ್ಚಿದರು. ರಾಜ್ಯದ ತಡೆ ಹೋಯಿತು, ಕೇಂದ್ರದ ತಡೆ ಹಾಗೇ ಇದೆ. ಭಾವಮೈದುನನ ಹೆಸರಿನಲ್ಲಿ ಕೊಂಡು ಆಮೇಲೆ ನೋಡೋಣ ಅನ್ನುವವರಿಗೆ ಹೇಳುವುದು ಇಷ್ಟೇ: ಭಾವಮೈದುನನ ಮಕ್ಕಳ ಕಾಲಕ್ಕೆ ಅದು ಅವರದ್ದೇ ಆಗಿರುತ್ತದೆ.

ಎರಡು ದಾರಿಗೂ ನಿಜವಾದ ವ್ಯತ್ಯಾಸ ಕಾಣುವುದು ವಾಪಸ್ ಬಂದ ಮೇಲೆ. ಭಾರತದ ಪ್ರಜೆಯಾಗಿಯೇ ಉಳಿದವರು ಊರಿಗೆ ಬಂದು ನೆಲೆಸಿದರೆ ಎಲ್ಲರ ಹಾಗೆ ಎರಡು ಎಕರೆ ಕೊಳ್ಳಬಹುದು. ಒಸಿಐ ಮೇಲೆ ಬಂದು ನೆಲೆಸಿದವರಿಗೆ ಆ ಹಕ್ಕನ್ನು 2021ರ ಅಧಿಸೂಚನೆ ಕೊಟ್ಟಿಲ್ಲ. ರಿಟೈರ್ ಆದ ಮೇಲೆ ಹೊಸದಾಗಿ ತೋಟ ಮಾಡುವ ಕನಸು ನಿಜಕ್ಕೂ ಗಟ್ಟಿಯಾಗಿದ್ದರೆ ಇದು ತೂಕದ ಮಾತು. ಬೆಂಗಳೂರಿನಲ್ಲಿ ಫ್ಲ್ಯಾಟ್ ಸಾಕು ಅನ್ನುವವರಿಗೆ ಎರಡೂ ಒಂದೇ.

ತೆರಿಗೆ, ಮತ, ಅಪ್ಪ ಅಮ್ಮ

ತೆರಿಗೆಗೋಸ್ಕರ ಪೌರತ್ವ ಬದಲಿಸಬೇಡಿ. ಭಾರತದಲ್ಲಿ ತೆರಿಗೆ ನಿಂತಿರುವುದು ಬಹುಮಟ್ಟಿಗೆ ಇಲ್ಲಿ ಎಷ್ಟು ದಿನ ಇದ್ದಿರಿ ಅನ್ನುವುದರ ಮೇಲೆ. ಅಮೆರಿಕವೂ ಪ್ರಜೆಗೂ ಗ್ರೀನ್ ಕಾರ್ಡ್ ಇದ್ದವರಿಗೂ ಜಗತ್ತಿನ ಎಲ್ಲ ಆದಾಯದ ಲೆಕ್ಕ ಕೇಳುತ್ತದೆ. ಆದರೂ ಒಂದು ಕಡೆ ಭಾರತದ ಪಾಸ್‌ಪೋರ್ಟ್ ಲೆಕ್ಕಕ್ಕೆ ಬರುತ್ತದೆ. ಎಲ್ಲೂ ತೆರಿಗೆ ಕಟ್ಟಬೇಕಿಲ್ಲದ ಭಾರತೀಯ ಪ್ರಜೆಗೆ ಇಲ್ಲಿನ ಆದಾಯ 15 ಲಕ್ಷ ದಾಟಿದ್ದರೆ ಅವರನ್ನು ಇಲ್ಲಿನ ನಿವಾಸಿ ಎಂದೇ ಪರಿಗಣಿಸುತ್ತಾರೆ. ದುಬೈನವರು ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಮತದ ಹಕ್ಕು ಎನ್‌ಆರ್‌ಐಗೆ ಇದೆ, ಆದರೆ ಮತದಾನದ ದಿನ ಊರಿಗೇ ಬಂದು ಹಾಕಬೇಕು. ವಿಮಾನ ಹತ್ತಿ ಬರುವವರು ಎಷ್ಟು ಮಂದಿ? ಬ್ರಿಟನ್ನಿನಲ್ಲಿರುವವರಿಗೆ ಒಂದು ಲಾಭ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಕಾಮನ್‌ವೆಲ್ತ್ ದೇಶದವರಾದ್ದರಿಂದ ಭಾರತದ ಪಾಸ್‌ಪೋರ್ಟ್ ಇದ್ದೇ ಅಲ್ಲಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಹಾಕಬಹುದು. ಅಮೆರಿಕದಲ್ಲಿ ಆ ಭಾಗ್ಯ ಇಲ್ಲ. ಅಲ್ಲಿ ಗ್ರೀನ್ ಕಾರ್ಡ್ ಇದ್ದವರು ಗೊತ್ತಿಲ್ಲದೆ ಮತ ಹಾಕಿದರೂ ಗಡೀಪಾರಿನವರೆಗೆ ಹೋಗಬಹುದು.

ಅಪ್ಪ ಅಮ್ಮನನ್ನು ಕಾಯಂ ಕರೆಸಿಕೊಳ್ಳುವುದಾದರೆ ಅಮೆರಿಕದಲ್ಲಿ ಲೆಕ್ಕ ಸರಳ. 21 ತುಂಬಿದ ಪ್ರಜೆ ಮಾತ್ರ ತಂದೆ ತಾಯಿಗೆ ಗ್ರೀನ್ ಕಾರ್ಡ್ ಕೇಳಬಹುದು, ಗ್ರೀನ್ ಕಾರ್ಡ್ ಇದ್ದವರಿಗೆ ಆ ದಾರಿ ಇಲ್ಲ. ಆದರೆ ಅವರನ್ನೊಮ್ಮೆ ಕೇಳಿ ನೋಡಿ. ಮಲ್ಲೇಶ್ವರದ ಮನೆ ಬಿಟ್ಟು, ಹಿಮದಲ್ಲಿ ಆರು ತಿಂಗಳು ಕಿಟಕಿ ನೋಡುತ್ತಾ ಕೂರಲು ಎಲ್ಲರ ಅಪ್ಪ ಅಮ್ಮನೂ ಒಪ್ಪುವುದಿಲ್ಲ.

ಮಕ್ಕಳ ವಿಷಯ

ಭಾರತದ ಕಾನೂನಿನಲ್ಲಿ ಎರಡು ಪೌರತ್ವಕ್ಕೆ ಸ್ವಲ್ಪ ಜಾಗ ಇರುವುದು ಇಲ್ಲಿ ಮಾತ್ರ. ಹೊರದೇಶದಲ್ಲಿ ಹುಟ್ಟಿದ ಮಗು, ಅಪ್ಪ ಅಮ್ಮ ಭಾರತೀಯರು. ಹುಟ್ಟಿದ ಒಂದು ವರ್ಷದೊಳಗೆ ಕಾನ್ಸುಲೇಟ್‌ನಲ್ಲಿ ನೋಂದಣಿ ಮಾಡಿಸಿದರೆ ವಂಶದ ಮೂಲಕ ಭಾರತದ ಪೌರತ್ವ ಸಿಗುತ್ತದೆ. ಆಗ "ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ" ಅಂತ ಬರೆದುಕೊಡಬೇಕು. ಪಾಸ್‌ಪೋರ್ಟ್ ಇಲ್ಲದಿದ್ದರೂ ಹುಟ್ಟಿನಿಂದ ಆ ದೇಶದ ಪೌರತ್ವ ಇರಬಹುದು ಅಲ್ವಾ? ಇರಬಹುದು. ಅಂಥ ಮಗು 18 ತುಂಬಿದ ಮೇಲೆ ಆರು ತಿಂಗಳೊಳಗೆ ಇನ್ನೊಂದನ್ನು ಬಿಡದಿದ್ದರೆ ಭಾರತದ್ದು ಹೋಗುತ್ತದೆ. ಕೊಲ್ಲಿಯಲ್ಲಿರುವವರು ಈ ಒಂದು ವರ್ಷದ ಗಡುವನ್ನು ಯಾವ ಕಾರಣಕ್ಕೂ ಮರೆಯಬಾರದು. ಅಲ್ಲಿ ಹುಟ್ಟಿದ ಮಾತ್ರಕ್ಕೆ ಮಗುವಿಗೆ ಯಾವ ಪೌರತ್ವವೂ ಸಿಗುವುದಿಲ್ಲ.

ಅಮೆರಿಕದಲ್ಲಿ ಬಹುತೇಕರು ಮಗುವಿಗೆ ಅಲ್ಲಿನ ಪಾಸ್‌ಪೋರ್ಟ್ ಮಾಡಿಸಿ ಒಸಿಐ ಹಾಕಿಸುತ್ತಾರೆ. ಅದು ಸರಿಯಾದ ದಾರಿಯೇ. ತೊಡಕು ಕಾಲೇಜಿನ ಹೊತ್ತಿಗೆ. ವಾಪಸ್ ಬಂದು ಬೆಂಗಳೂರಿನಲ್ಲೇ ಓದಿದ ಒಸಿಐ ಮಕ್ಕಳು ಮೊದಲು ಇಲ್ಲಿನ ಮಕ್ಕಳ ಜೊತೆ ಸಾಮಾನ್ಯ ಸೀಟಿಗೆ ಪೈಪೋಟಿ ಮಾಡುತ್ತಿದ್ದರು. 2021ರ ಅಧಿಸೂಚನೆ ಅವರನ್ನು ಎನ್‌ಆರ್‌ಐ ಸೀಟಿಗೆ ತಳ್ಳಿತು. ಎನ್‌ಆರ್‌ಐ ಸೀಟಿನ ಫೀಸು ಕೇಳಿದವರಿಗೆ ಇದರ ಬಿಸಿ ಗೊತ್ತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, 2021ರ ಮಾರ್ಚ್ 4ಕ್ಕಿಂತ ಮೊದಲೇ ಒಸಿಐ ಪಡೆದ ಮಕ್ಕಳಿಗೆ ಹಳೆಯ ಹಕ್ಕು ಉಳಿಯುತ್ತದೆ ಎಂದಿತು. ಅಂದರೆ ಆಮೇಲೆ ಕಾರ್ಡ್ ಪಡೆದವರಿಗೆ ಇಲ್ಲ. ಮಗುವಿನ ನೀಟ್, ಜೆಇಇ ಲೆಕ್ಕ ಹಾಕುವವರು ಕಾರ್ಡಿನ ಮೇಲಿನ ತಾರೀಕು ನೋಡಿಕೊಳ್ಳಿ.

ಇನ್ನೊಂದು ತೀರ್ಪು 2024ರ ಅಕ್ಟೋಬರ್‌ನದ್ದು. ಅಪ್ಪ ಅಮ್ಮ 8ನೇ ಸೆಕ್ಷನ್ ಅಡಿ ಘೋಷಣೆ ಕೊಟ್ಟು ಪೌರತ್ವ ಬಿಟ್ಟಿದ್ದರೆ ಮಕ್ಕಳು 18 ತುಂಬಿದ ಒಂದು ವರ್ಷದೊಳಗೆ ಭಾರತದ ಪೌರತ್ವ ವಾಪಸ್ ಕೇಳಬಹುದು. ಆದರೆ ಬೇರೆ ದೇಶದ ಪೌರತ್ವ ತಗೊಂಡು 9ನೇ ಸೆಕ್ಷನ್ ಅಡಿ ತಾನಾಗಿಯೇ ಕಳೆದುಕೊಂಡಿದ್ದರೆ ಮಕ್ಕಳಿಗೆ ಆ ಅವಕಾಶ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಬಹುಪಾಲು ಜನ ಕಳೆದುಕೊಳ್ಳುವುದು ಎರಡನೇ ರೀತಿಯಲ್ಲೇ. ಮಾತಿನಲ್ಲಿ ಎಲ್ಲರೂ "ರಿನೌನ್ಸ್ ಮಾಡಿದ್ವಿ" ಅನ್ನುತ್ತಾರೆ, ಅದಿರಲಿ.

ನನ್ನ ಮಾತು ಕೇಳುವುದಾದರೆ

ಹೊರದೇಶದಲ್ಲಿ ಮನೆ, ಮಕ್ಕಳ ಶಾಲೆ, ಕೆಲಸ ಎಲ್ಲ ಬೇರು ಬಿಟ್ಟಿದೆ, ಊರಲ್ಲಿ ವಯಸ್ಸಾದವರಿದ್ದಾರೆ, ಅಲ್ಲಿ ಇಲ್ಲಿ ಓಡಾಟ ಇದೆ ಅನ್ನುವವರು ಪೌರತ್ವ ತಗೊಂಡು ಒಸಿಐ ಮಾಡಿಸಿ. ಗ್ರೀನ್ ಕಾರ್ಡ್‌ನಲ್ಲಿ ಇಪ್ಪತ್ತು ವರ್ಷ ಸುಮ್ನೆ ಕೂರುವುದರಲ್ಲಿ ದೇಶಭಕ್ತಿಯೂ ಇಲ್ಲ, ಲಾಭವೂ ಇಲ್ಲ. ಐದಾರು ವರ್ಷದಲ್ಲಿ ವಾಪಸ್ ಬರುವುದು ಖಂಡಿತ ಅನ್ನುವವರು ಭಾರತದ ಪಾಸ್‌ಪೋರ್ಟ್ ಬಿಡಬೇಡಿ. ಊರಲ್ಲಿ ಹೊಸ ಜಮೀನು ಕೊಳ್ಳುವ, ಚುನಾವಣೆಗೆ ನಿಲ್ಲುವ, ಸರ್ಕಾರಿ ಹುದ್ದೆಯ, ಬೀದಿಗಿಳಿದು ರಾಜಕೀಯ ಮಾಡುವ ಆಸೆ ಇದ್ದವರೂ ಬಿಡಬೇಡಿ. ಗಂಡ ಹೆಂಡತಿ ಇಬ್ಬರೂ ಒಂದೇ ದಾರಿ ಹಿಡಿಯಬೇಕು ಅಂತಲೂ ಇಲ್ಲ. ಒಬ್ಬರು ತಗೊಂಡು ಇನ್ನೊಬ್ಬರು ಉಳಿಸಿಕೊಂಡ ಮನೆಗಳು ಬೇಕಾದಷ್ಟಿವೆ, ಏರ್‌ಪೋರ್ಟ್‌ನಲ್ಲಿ ಬೇರೆ ಬೇರೆ ಸಾಲಿನಲ್ಲಿ ನಿಲ್ಲಬೇಕು ಅನ್ನುವುದು ಬಿಟ್ಟರೆ ದೊಡ್ಡ ಕಷ್ಟ ಇಲ್ಲ. ಅಪ್ಪ, ಅಮ್ಮ, ಅಜ್ಜ, ಅಜ್ಜಿ ಅಥವಾ ಮುತ್ತಜ್ಜನ ಕಡೆ ಯಾರಾದರೂ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಒಸಿಐ ಸಿಗುವುದಿಲ್ಲ. ಅಂಥವರು ಮೊದಲು ವಕೀಲರ ಹತ್ತಿರ ಹೋಗಿ.

ತಗೊಳ್ಳುವುದು ಅಂತಾದರೆ ದಿನ ನೋಡಿ ತಗೊಳ್ಳಿ. ಪ್ರಮಾಣ, ಹೊಸ ಪಾಸ್‌ಪೋರ್ಟ್, ಹಳೆಯದರ ಸರೆಂಡರ್, ಒಸಿಐ, ಇದೇ ಕ್ರಮ. ಈ ನಡುವಿನ ವಾರಗಳಲ್ಲಿ ಭಾರತಕ್ಕೆ ಬರಬೇಕಾದರೆ ವೀಸಾ ಬೇಕು. ತಂಗಿಯ ಮದುವೆ ಮುಂದಿನ ತಿಂಗಳು ಇದ್ದರೆ ಪ್ರಮಾಣದ ತಾರೀಕು ಮುಂದಕ್ಕೆ ಹಾಕಿಸುವುದು ಲೇಸು. ಹಳೆಯ ಪಾಸ್‌ಪೋರ್ಟಿನಲ್ಲಿ "ಕೊನೆಯದಾಗಿ ಒಂದು ಸಲ" ಹೋಗಿ ಬರುತ್ತೇನೆ ಅನ್ನಲೇಬೇಡಿ. ಅದು ಪಾಸ್‌ಪೋರ್ಟ್ ಕಾಯ್ದೆಯಡಿ ಅಪರಾಧ, ಸರೆಂಡರ್ ಮಾಡುವಾಗ ದಂಡ ಬೀಳುತ್ತದೆ. ಸರೆಂಡರ್ ಆದ ಪಾಸ್‌ಪೋರ್ಟ್ ರದ್ದಾದ ಸೀಲು ಹೊತ್ತು ವಾಪಸ್ ಬರುತ್ತದೆ. ಎಸೆಯಬೇಡಿ, ಸರ್ಟಿಫಿಕೇಟ್ ಜೊತೆ ಜೋಪಾನವಾಗಿಡಿ. ಒಸಿಐಗೆ ಹೊರದೇಶದಲ್ಲಿ ಅರ್ಜಿ ಹಾಕಿದರೆ ಶುಲ್ಕ 275 ಡಾಲರ್, ಭಾರತದಲ್ಲಿ 15,000 ರೂಪಾಯಿ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ತೆಗೆಸಿ.

ಮನಸ್ಸು ಬದಲಾದರೆ ವಾಪಸ್ ಬರುವ ದಾರಿಯೂ ಇದೆ. ಒಸಿಐ ಆಗಿ ಐದು ವರ್ಷ ಕಳೆದಿದ್ದು, ಅರ್ಜಿ ಹಾಕುವ ಮೊದಲು ಹನ್ನೆರಡು ತಿಂಗಳು ಭಾರತದಲ್ಲೇ ವಾಸವಿದ್ದರೆ ಪೌರತ್ವಕ್ಕೆ ನೋಂದಣಿ ಕೇಳಬಹುದು. ಕೆನಡಾದ ಪ್ರಜೆಯಾಗಿದ್ದ ನಟ ಅಕ್ಷಯ್ ಕುಮಾರ್ ಭಾರತದ ಪೌರತ್ವ ಮತ್ತೆ ಸಿಕ್ಕಿದ್ದನ್ನು 2023ರ ಆಗಸ್ಟ್ 15ರಂದು ತಿಳಿಸಿದರು. ಆದರೆ ಇದು ನಿಮ್ಮ ಹಕ್ಕಲ್ಲ, ಸರ್ಕಾರ ಒಪ್ಪಿದರೆ ಮಾತ್ರ. ಆಗ ಹೊರದೇಶದ ಪೌರತ್ವವನ್ನು ಬಿಡಬೇಕು, ಮತ್ತೆ ಅಲ್ಲಿಗೆ ಹೋಗಬೇಕೆಂದರೆ ಎಲ್ಲರ ಹಾಗೆ ವೀಸಾಕ್ಕೆ ಅರ್ಜಿ ಹಾಕಬೇಕು.